ಮೇಸ್ತ್ರಿಯಮ್ಮನನ್ನು ಮದುವೆಯಾದ ಕ್ವಿರಿನ್

ಕ್ವಿರಿನ್ ನಮ್ಮೂರಿಗೆ ಬಂದದ್ದು ತೆಪ್ಪದ ಮೇಲೆ. ಹಿಮ ಕರಗಿ ಲೆಖ್ ನದಿ ತುಂಬಿಕೊಳ್ಳುವ ಕಾಲಕ್ಕೆ ಮೇಲಿನ ಬೆಟ್ಟಗಳಿಂದ ಮರದ ದಿಮ್ಮಿಗಳು ತೇಲಿ ಬರುತ್ತವೆ. ನಾನು ಬಡಗಿ. ಒಳ್ಳೆಯ ದಿಮ್ಮಿಗಳನ್ನು ಬೇರೆಯವರು ಹೊಡೆದುಕೊಂಡು ಹೋಗುವ ಮೊದಲೇ ಆರಿಸಿಕೊಳ್ಳಲು ದಡದಲ್ಲಿ ಕಾಯುತ್ತಿದ್ದೆ. ಸಾವಿರದ ಏಳುನೂರ ಹತ್ತೊಂಬತ್ತನೆಯ ಇಸವಿಯ ಆ ದಿನ ದಿಮ್ಮಿಗಳ ನಡುವೆ ಒಬ್ಬ ಉದ್ದನೆಯ ಆಸಾಮಿ, ಸೊಂಟದವರೆಗೆ ನೆನೆದು, ಚರ್ಮದ ಸುರುಳಿಯೊಂದನ್ನು ಕೂಸಿನಂತೆ ಎದೆಗವಚಿಕೊಂಡು ಕೂತಿದ್ದ. ಸುರುಳಿಯಲ್ಲಿ ಉಳಿಗಳಿದ್ದವು. ಬಟ್ಟೆಯಿಂದ ನೀರು ಸೋರುತ್ತಿತ್ತು, ಉಳಿಗಳಿಗೆ ಮಾತ್ರ ಒಂದು ಹನಿ ತಾಗಿರಲಿಲ್ಲ.

“ಶಿಲ್ಪಿ ಮಾಗ್ನುಸ್ ಮೇಸ್ತ್ರಿ ಮನೆ ಎಲ್ಲಿ?” ಎಂದು ಕೇಳಿದ.

“ನಮ್ಮನೆ ಪಕ್ಕದಲ್ಲೇ. ಆದ್ರೆ ಮೊದ್ಲು ಬಟ್ಟೆ ಒಣಗಿಸ್ಕೊ. ಅವರ ಹೆಂಡ್ತಿ ಒದ್ದೆ ಕಾಲಲ್ಲಿ ಯಾರನ್ನೂ ಒಳಗೆ ಬಿಡಲ್ಲ” ಅಂದೆ.

ಹೀಗೆ ಶುರುವಾದ ನಮ್ಮ ಒಡನಾಟ ಮೂವತ್ತಾರು ವರ್ಷ ನಡೆಯಿತು. ಇಗರ್ಜಿಯ ಬಲಿಪೀಠವೆಂದರೆ ಅದರ ಕಂಬ, ಕಮಾನು, ಮೆಟ್ಟಿಲು, ಬೆನ್ನಹಲಗೆ ಅಷ್ಟೂ ಬಡಗಿಯ ಕೆಲಸ. ಅದರ ಮೇಲೆ ನಿಲ್ಲುವ ಸಂತರು, ತೇಲುವ ದೇವದೂತರು, ಮೋಡಗಳು, ಮೋಡದ ನಡುವಿನ ಪರಮಪಿತ, ಇದೆಲ್ಲ ಶಿಲ್ಪಿಯದು. ಜನ ತಲೆ ಎತ್ತಿ ನೋಡುವುದು ಅವನದನ್ನು. ಅದು ಜನರ ತಲೆ ಮೇಲೆ ಬೀಳದಂತೆ ಹಿಡಿದಿರುವುದು ನನ್ನದು.

ಮಾಗ್ನುಸ್ ಮೇಸ್ತ್ರಿಗೆ ಕೆಮ್ಮು. ಮರದ ಧೂಳು ಎದೆಯಲ್ಲಿ ಕೂತು ಅವನು ದಿನದಿನಕ್ಕೆ ಇಳಿಯುತ್ತಿದ್ದ. ಕ್ವಿರಿನ್ ಕೆಲಸಕ್ಕೆ ಸೇರಿದ ಎರಡನೇ ವರ್ಷದಿಂದಲೇ ದೊಡ್ಡ ಮೂರ್ತಿಗಳೆಲ್ಲ ಇವನ ಕೈಯಿಂದ ಮೂಡತೊಡಗಿದವು. ಲಿಂಡನ್ ಮರದ ದಿಮ್ಮಿಯನ್ನು ಮಲಗಿಸಿ, ಬೆನ್ನ ಕಡೆಯಿಂದ ದೋಣಿಯ ಹಾಗೆ ಟೊಳ್ಳು ಮಾಡಿ, ಆಮೇಲೆ ಮುಂದಿನಿಂದ ಸಂತನನ್ನು ಹೊರಗೆ ಕರೆಯುತ್ತಿದ್ದ. ಹಾಗೆ ಟೊಳ್ಳು ಮಾಡದಿದ್ದರೆ ಮರ ಒಣಗುವಾಗ ಸಂತನ ಮುಖ ಎರಡಾಗಿ ಸೀಳುತ್ತದೆ. ಮೇಸ್ತ್ರಿಯ ಮಗಳು ಆಫ್ರಾ ಕೆತ್ತಿದ ಮೂರ್ತಿಗಳಿಗೆ ಸರೇಸು ಕಲಸಿದ ಬಿಳಿ ಸುಣ್ಣವನ್ನು ಎಂಟು ಪದರ ಬಳಿದು, ಉಜ್ಜಿ, ಚಿನ್ನದ ರೇಕು ಹಚ್ಚಿ, ನಾಯಿಹಲ್ಲಿನಿಂದ ತಿಕ್ಕಿ ಹೊಳಪು ಕೊಡುತ್ತಿದ್ದಳು. ಹೆಣ್ಣುಮಕ್ಕಳು ಆ ಕೆಲಸ ಮಾಡಬಾರದೆಂದು ಕಸುಬಿನ ಸಂಘದ ಕಟ್ಟಳೆ ಇತ್ತು. ಎಲ್ಲರ ಮನೆಯಲ್ಲೂ ಹೆಣ್ಣುಮಕ್ಕಳೇ ಮಾಡುತ್ತಿದ್ದರು.

ಕ್ವಿರಿನ್‌ಗೂ ಆಫ್ರಾಗೂ ಮನಸ್ಸು ಕೂಡಿದ್ದು ಯಾವಾಗ ಎಂದು ನನಗೆ ತಿಳಿಯದು. ನಾನು ಹಲಗೆ ಕೊಡಲು ಹೋದಾಗ ಇಬ್ಬರೂ ಒಂದೇ ದೇವದೂತನ ಎರಡು ರೆಕ್ಕೆಗಳ ಮೇಲೆ ಬಾಗಿ, ಒಂದು ಮಾತೂ ಆಡದೆ ಕೆಲಸ ಮಾಡುತ್ತಿದ್ದರು. ಅಷ್ಟು ಸಾಕಾಗಿತ್ತು. ಮಾಗ್ನುಸ್‌ಗೂ ಒಪ್ಪಿಗೆಯಿತ್ತು. “ಮುಂದಿನ ಈಸ್ಟರ್ ಆಗ್ಲಿ” ಎನ್ನುತ್ತಿದ್ದ. ಆ ಈಸ್ಟರ್‌ಗೆ ಆರು ವಾರ ಮುಂಚೆ ಸತ್ತ.

ತೊಂದರೆ ಶುರುವಾದದ್ದು ಅಲ್ಲಿಂದ. ನಮ್ಮೂರಲ್ಲಿ ಶಿಲ್ಪದ ಕಾರ್ಖಾನೆ ನಡೆಸುವ ಹಕ್ಕು ಒಬ್ಬನಿಗೆ ಮಾತ್ರ, ಮನೆಯೂ ಆ ಹಕ್ಕಿಗೇ ಸೇರಿದ್ದು. ಮೇಸ್ತ್ರಿ ಸತ್ತರೆ ಹಕ್ಕು ವಿಧವೆಯದು, ಆದರೆ ಒಂದು ವರ್ಷದೊಳಗೆ ಅವಳು ಕಸುಬು ಬಲ್ಲವನೊಬ್ಬನನ್ನು ಕಟ್ಟಿಕೊಳ್ಳಬೇಕು. ಇಲ್ಲವಾದರೆ ಊರ ಸಭೆ ಹಕ್ಕನ್ನು ತನಗೆ ಬೇಕಾದವರಿಗೆ ಕೊಡುತ್ತದೆ. ವಿಧವೆ ಇಲ್ಲದ ಪಕ್ಷದಲ್ಲಿ ಮಾತ್ರ ಮಗಳಿಗೆ. ಸಭೆಯ ಹಿರಿಯನೊಬ್ಬನ ನೆಂಟ, ಕೆಳಗಿನೂರಿನ ಶಿಲ್ಪಿ, ಆಗಲೇ ಬಂದು ಮೇಸ್ತ್ರಿಯ ಮನೆಯ ಗೋಡೆಗಳನ್ನು ಬೆರಳಿಂದ ತಟ್ಟಿ ನೋಡಿ ಹೋಗಿದ್ದ.

ಮೇಸ್ತ್ರಿಯಮ್ಮ ಕ್ರೆಸೆನ್ಸ್‌ಗೆ ಆಗ ನಲವತ್ತಮೂರು. ಕ್ವಿರಿನ್‌ಗೆ ಇಪ್ಪತ್ತೊಂಬತ್ತು, ಆಫ್ರಾಗೆ ಹತ್ತೊಂಬತ್ತು. ಆಕೆ ಸಭೆಗೆ ಮೂರು ಸಲ ಹೋಗಿ ಬಂದಳು. ಮೂರನೆಯ ಸಲ ವಾಪಸು ಬಂದವಳು ನೇರ ಕಾರ್ಖಾನೆಗೆ ನುಗ್ಗಿ, ನಾನೂ ಅಲ್ಲಿರುವುದನ್ನು ಲೆಕ್ಕಿಸದೆ, ಕ್ವಿರಿನ್‌ನ ಎದುರು ಸ್ಟೂಲಿನ ಮೇಲೆ ಕುಕ್ಕರಿಸಿದಳು.

“ನೋಡಪ್ಪ, ನಿನ್ನ ಕಣ್ಣು ಎಲ್ಲಿದೆ ಅಂತ ನನಗೆ ಗೊತ್ತು. ನಾನೇನು ಕುರುಡಿ ಅಲ್ಲ. ಮಗಳ ಹೆಸರಿಗೆ ಬರೀರಿ ಅಂತ ಅವರ ಕಾಲು ಹಿಡ್ಕೊಂಡೆ. ‘ಹೇಗೆ ಬರೆಯೋದಮ್ಮ, ನೀನಿನ್ನೂ ಬದುಕಿದೀಯಲ್ಲ’ ಅಂದ್ರು. ಬದುಕಿರೋದು ನನ್ನ ತಪ್ಪಾ?”

ಕ್ವಿರಿನ್ ಉಳಿಯ ಬಾಯನ್ನು ಹೆಬ್ಬೆರಳಿಂದ ಸವರುತ್ತ ನಿಂತಿದ್ದ. ಆಕೆ ಎದ್ದುಹೋದಳು.

ಮಾರನೆಯ ದಿನ ನಡೆದದ್ದನ್ನು ಕ್ವಿರಿನ್‌ನೇ ನನಗೆ ಹೇಳಿದ. ಆಫ್ರಾ ಇಗರ್ಜಿಯಿಂದ ಬಂದಳು, ಮೇಲಂಗಿಯನ್ನು ತೆಗೆಯದೆ ಅವನ ಮುಂದೆ ನಿಂತಳು.

“ಅಮ್ಮನ್ನ ಮದುವೆ ಆಗು.”

ಅವನು ನಕ್ಕುಬಿಟ್ಟನಂತೆ.

“ನಗಬೇಡ. ನೀನು ಆಗದಿದ್ರೆ ಆ ಕೆಳಗಿನೂರಿನೋನು ಬರ್ತಾನೆ. ಅಮ್ಮನ್ನ ಬೀದಿಗೆ ತಳ್ತಾನೆ. ನಿನ್ನನ್ನ ತೆಪ್ಪ ಹತ್ತಿಸ್ತಾನೆ. ಆಮೇಲೆ ನಾನು ಯಾರ ಮನೇಲಿ ಪಾತ್ರೆ ತಿಕ್ಕಲಿ?”

“ಮತ್ತೆ ನಾವು?”

“ನಾನು ಇಲ್ಲೇ ಇರ್ತೀನಿ. ಎಲ್ಲಿಗೆ ಹೋಗ್ತೀನಿ?”

“ಎಷ್ಟು ವರ್ಷ, ಆಫ್ರಾ?”

ಅವಳು ಕುಂಚವನ್ನು ಸುಣ್ಣಕ್ಕೆ ಅದ್ದಿ ಕೆಲಸಕ್ಕೆ ಕೂತಳು. ಕಾದಿರು ಎಂದು ಅದರ ಅರ್ಥ ಎಂದು ಅವನು ತಿಳಿದ. ನನಗೆ ಹೇಳಿದಾಗ ನಾನೂ ಹಾಗೇ ತಿಳಿದೆ.

ಮದುವೆ ಆಯಿತು. ಲಿವರ್ ಉಂಡೆಯ ಸೂಪು, ಹೊಗೆಗೆ ಕಟ್ಟಿದ ಹಂದಿಮಾಂಸ, ಎರಡು ಪೀಪಾಯಿ ಬಿಯರು. ಬಡಿಸಿದವಳು ಆಫ್ರಾ. ಕಮ್ಮಾರ ವೆಂಡೆಲ್ ಮೂರು ಲೋಟ ಇಳಿಸಿ ಎದ್ದು ನಿಂತು ಕೂಗಿದ: “ಕರು ನೋಡೋಕೆ ಬಂದೋನು ಹಸೂನೇ ಹೊಡ್ಕೊಂಡು ಹೋದ ಕಣ್ರೋ!”

ಜನ ಮೇಜು ಕುಟ್ಟಿ ನಕ್ಕರು. ಕ್ರೆಸೆನ್ಸ್ ಕೂತಲ್ಲಿಂದಲೇ, “ಹಸು ಹಾಲಾದ್ರೂ ಕೊಡುತ್ತೆ ಕಣೋ ವೆಂಡೆಲ್. ನಿನ್ನ ಕೊಟ್ಟಿಗೇಲಿ ಕಟ್ಟಿರೋದು ಒದೆಯೋದು ಬಿಟ್ರೆ ಇನ್ನೇನು ಮಾಡುತ್ತೆ?” ಅಂದಳು. ನಗು ಇನ್ನೂ ಜೋರಾಯಿತು. ಆಫ್ರಾ ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಒಳಗೆ ಹೋದಳು. ಅವತ್ತಿನಿಂದ ಅವಳು ಕ್ವಿರಿನ್‌ನನ್ನು ಹೆಸರು ಹಿಡಿದು ಕರೆಯಲಿಲ್ಲ. ‘ಮೇಸ್ತ್ರಿ’ ಎಂದಳು.

ನಮ್ಮ ಇಗರ್ಜಿಯ ದೊಡ್ಡ ಬಲಿಪೀಠ ಆ ಮದುವೆಯ ಮರುವರ್ಷ ಶುರುವಾಗಿ ಆರು ವರ್ಷ ನಡೆಯಿತು. ಹಗ್ಗದಂತೆ ಹೊಸೆದ ಆರು ಕಂಬಗಳು ನನ್ನವು, ಒಂದೊಂದೂ ಮೂರಾಳು ಎತ್ತರ. ಅವುಗಳ ನಡುವೆ ನಾಲ್ಕು ಸಂತರು, ಮೇಲೆ ಹದಿನೇಳು ದೇವದೂತರು, ತುದಿಯಲ್ಲಿ ಪರಮಪಿತ. ಕೆಳಗೆ ನಿಂತವನಿಗೆ ಸರಿಯಾಗಿ ಕಾಣಲೆಂದು ಕ್ವಿರಿನ್ ಮೇಲಿನವರ ತಲೆಗಳನ್ನು ದಪ್ಪ ಮಾಡಿ, ಕತ್ತು ಮುಂದಕ್ಕೆ ಬಾಗಿಸಿದ್ದ. ಸಾರುವೆ ಹತ್ತಿ ಹತ್ತಿರದಿಂದ ನೋಡಿದರೆ ಆ ದೇವದೂತರು ದೊಡ್ಡ ತಲೆಯ ರೋಗಿಷ್ಟ ಮಕ್ಕಳ ಹಾಗೆ ಕಂಡು ಮೈ ಜುಮ್ಮೆನ್ನುತ್ತಿತ್ತು.

ಆ ಪೀಠದ ಸಂತ ಮಗ್ದಲೇನಳ ಮೂರ್ತಿಯಲ್ಲಿ ಆಫ್ರಾಳ ಮುಖವಿದೆ ಎಂದು ಇವತ್ತಿಗೂ ಊರಲ್ಲಿ ಹೇಳುವವರಿದ್ದಾರೆ. ಸುಳ್ಳು. ಮೂರ್ತಿ ಇನ್ನೂ ಬಿಳಿ ಮರವಾಗಿದ್ದಾಗ ರೊಟ್ಟಿ ಅಂಗಡಿಯವಳು ನೋಡಿ, “ಥೇಟ್ ನಮ್ಮ ಆಫ್ರಾ ಮೂಗು!” ಅಂದದ್ದು ನಿಜ. ಅವಳು ಬಾಗಿಲು ದಾಟಿದ್ದೇ ತಡ, ಕ್ವಿರಿನ್ ಚಪ್ಪಟೆ ಉಳಿ ತೆಗೆದುಕೊಂಡು ಮೂಗನ್ನು ಕೆಳಗಿಳಿಸಿದ. ಆಮೇಲೆ ಕೆನ್ನೆ ಹೊಂದಲಿಲ್ಲವೆಂದು ಕೆನ್ನೆಯನ್ನೂ ಕೆತ್ತಿದ. ಈಗ ಅಲ್ಲಿ ನಿಂತಿರುವುದು ಯಾರ ಮುಖವೂ ಅಲ್ಲ.

ಗಂಡ ಹೆಂಡತಿಯ ಸಂಸಾರ ಕೆಟ್ಟದಾಗಿರಲಿಲ್ಲ, ಅದನ್ನೂ ಹೇಳಬೇಕು. ಕ್ರೆಸೆನ್ಸ್ ಗಟ್ಟಿಗಿತ್ತಿ. ಮಠಾಧಿಪತಿಗಳ ಜೊತೆ ಕೂತು ಕರಾರು ಮಾತಾಡುವವಳು ಅವಳೇ. ಅವನು ಎಷ್ಟೋ ವರ್ಷ ಮರೆತು ಅವಳನ್ನು “ಮೇಸ್ತ್ರಿಯಮ್ಮ” ಎನ್ನುತ್ತಿದ್ದ. “ಹಾಸಿಗೇಲೂ ಹಾಗೇ ಕರೀತೀಯೇನೋ?” ಎಂದು ನಮ್ಮೆಲ್ಲರ ಎದುರೇ ರೇಗಿಸುತ್ತಿದ್ದಳು. ನಲವತ್ತೈದರಲ್ಲಿ ಬಸುರಾದಳು. ಗಂಡುಮಗು. ಒಂದು ಗಂಟೆ ಬದುಕಿತ್ತು. ಪಾದ್ರಿ ಬರುವಷ್ಟು ಸಮಯವಿಲ್ಲದೆ ಆಫ್ರಾನೇ ತಲೆಗೆ ನೀರು ಹಾಕಿ ಹೆಸರಿಟ್ಟಳು. ಪೆಟ್ಟಿಗೆ ನಾನು ಮಾಡಿದೆ, ಮೊಳಕ್ಕಿಂತ ಸ್ವಲ್ಪ ಉದ್ದ. ಕ್ವಿರಿನ್ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದ, ಹಿಂದೆ ಅಮ್ಮ ಮಗಳು ಒಬ್ಬರ ಕೈ ಒಬ್ಬರು ಹಿಡಿದು ನಡೆದರು.

ಆಫ್ರಾಳನ್ನು ಕೇಳಿಕೊಂಡು ಮೂವರು ಬಂದರು. ಮೂವರನ್ನೂ ಬೇಡವೆಂದಳು. “ಏನೇ ನಿನ್ನ ಕಥೆ? ಯಾರಿಗೋಸ್ಕರ ಕೂತಿದೀಯ?” ಎಂದು ತಾಯಿ ಕೂಗಾಡಿದ್ದು ನಮ್ಮ ಮನೆಗೆ ಕೇಳಿಸಿತ್ತು.

ಮದುವೆಯ ಹದಿಮೂರನೆಯ ವರ್ಷ ಕ್ರೆಸೆನ್ಸ್‌ಗೆ ಕಾಲು ಊದಿತು. ನೀರು ಹೊಟ್ಟೆಗೆ ಏರಿತು, ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಎರಡು ಚಳಿಗಾಲ ಕ್ವಿರಿನ್ ಅವಳನ್ನು ದಿನಾ ಬೆಳಿಗ್ಗೆ ಎತ್ತಿ ತಂದು ಒಲೆಯ ಬಳಿ ಕೂರಿಸಿದ, ಪಾದಗಳಿಗೆ ಬಿಸಿಬಟ್ಟೆ ಸುತ್ತಿದ, ಚಮಚದಲ್ಲಿ ಕುಡಿಸಿದ. ಹದಿನಾಲ್ಕು ವರ್ಷ ದೊಡ್ಡವಳಾದ ಹೆಂಡತಿಯನ್ನು ಹೀಗೆ ನೋಡಿಕೊಳ್ಳುವ ಗಂಡ ಎಲ್ಲಿದ್ದಾನೆ ಎಂದು ಊರೇ ಹೊಗಳಿತು. ನನ್ನ ಹೆಂಡತಿಯಂತೂ ಅದನ್ನು ಹೇಳಿ ಹೇಳಿ ನನ್ನ ಜೀವ ತಿಂದಳು.

ಸಾವಿರದ ಏಳುನೂರ ಮೂವತ್ತೆಂಟರ ಫೆಬ್ರವರಿಯಲ್ಲಿ, ಒಂದು ಮಧ್ಯಾಹ್ನ, ಕ್ರೆಸೆನ್ಸ್‌ಗೆ ಸಾಯುವವರ ಪವಿತ್ರ ಎಣ್ಣೆ ಹಚ್ಚಿ ಪಾದ್ರಿ ಹೊರಟ ಮೇಲೆ ನಾನು, ನನ್ನ ಹೆಂಡತಿ ನೋಡಲು ಹೋದೆವು. ಅವಳು ಕ್ವಿರಿನ್‌ನನ್ನೂ ಆಫ್ರಾಳನ್ನೂ ಹತ್ತಿರ ಕರೆದಳು. ಊದಿದ ಕೈಯಲ್ಲಿ ಮಗಳ ಕೈ ಹಿಡಿದು, ಎಳೆದು, ಗಂಡನ ಕೈಯ ಮೇಲಿಟ್ಟಳು.

“ಸಾಕು, ತುಂಬ ಕಾಯಿಸಿದೆ” ಅಂದಳು. “ವರ್ಷ ತುಂಬೋವರೆಗೂ ಕಾಯಬೇಡಿ. ಜನ ನಾಲ್ಕು ದಿನ ಮಾತಾಡ್ತಾರೆ, ಐದನೇ ದಿನ ಬೇರೆ ಏನಾದ್ರೂ ಸಿಗುತ್ತೆ.”

ಕ್ವಿರಿನ್ ಅಳುತ್ತಿದ್ದ. ಆಫ್ರಾ ತಾಯಿಯ ಹಣೆ ಒರೆಸಿ, “ಆಯ್ತಮ್ಮ” ಅಂದಳು. ಮೂರನೆಯ ದಿನ ಕ್ರೆಸೆನ್ಸ್ ಹೋದಳು.

ನಲವತ್ತು ದಿನ ಕಳೆದ ಮೇಲೆ ಕ್ವಿರಿನ್ ಒಗೆದ ಅಂಗಿ ತೊಟ್ಟು ನಮ್ಮ ಮನೆಗೆ ಬಂದ. “ಬ್ಲಾಸಿ, ಪಾದ್ರಿ ಹತ್ರ ಹೋಗ್ಬೇಕು. ಒಬ್ಬನೇ ಹೋಗೋಕೆ ನಾಚಿಕೆ ಆಗುತ್ತೆ, ನೀನೂ ಬಾ” ಅಂದ. ನಲವತ್ತಮೂರು ವರ್ಷದ ಗಂಡಸು, ಕಿವಿ ಕೆಂಪಾಗಿತ್ತು. ನಾನು ಕೀಸುಳಿ ಕೆಳಗಿಟ್ಟು ಹೊರಟೆ.

ಪಾದ್ರಿ ವಯಸ್ಸಾದವರು, ನಮಗೆಲ್ಲ ಮದುವೆ ಮಾಡಿಸಿದವರು. ಅವನ ಮಾತನ್ನು ಪೂರ್ತಿ ಕೇಳಿ ಕನ್ನಡಕ ತೆಗೆದಿಟ್ಟರು.

“ಕೂತ್ಕೊ ಕ್ವಿರಿನ್. ತಾಯಿಯನ್ನ ಮದುವೆ ಆದೋನಿಗೆ ಮಗಳು ಮಗಳೇ. ತಾಯಿ ಸತ್ತ ಮೇಲೂ ಮಗಳೇ.”

“ಬಿಷಪ್ಪರಿಗೆ ಬರೆದ್ರೆ?”

“ಅವರ ಕೈಲೂ ಇಲ್ಲ. ರೋಮಿಗೆ ಬರೆದ್ರೂ ಇಲ್ಲ. ಅತ್ತಿಗೆ, ದಾಯಾದಿ ಅಂತಿದ್ರೆ ಎಲ್ಲೋ ಒಂದು ಅಪ್ಪಣೆ ತರಿಸಬಹುದಿತ್ತು. ಇದಕ್ಕೆ ಯಾವ ಕಾಲದಲ್ಲೂ ಕೊಟ್ಟಿಲ್ಲ.” ಆಮೇಲೆ ಕೇಳಿದರು: “ಆಫ್ರಾ ನಿನಗೆ ಹೇಳಲಿಲ್ವಾ? ನಿನ್ನ ಮದುವೆಗೆ ಮುಂಚೇನೇ ಬಂದು ಕೇಳಿದ್ಲಲ್ಲ. ಅಲ್ಲೇ, ಆ ಬಾಗಿಲ ಹತ್ರ ನಿಂತಿದ್ಲು. ನಾನು ಇದೇ ಮಾತು ಹೇಳಿದ್ದೆ.”

ಅವನು ನೇರ ಮನೆಗೆ ನಡೆದ. ನಾನು ಅವನ ಮನೆ ಬಾಗಿಲಲ್ಲೇ ನಿಂತೆ. ಬಿಟ್ಟು ಹೋಗಲು ಭಯವಾಯಿತು. ಆಫ್ರಾ ಅಡಿಗೆಮನೆಯಲ್ಲಿ ಕೋಸು ಹೆಚ್ಚುತ್ತಿದ್ದಳು.

“ನಿನಗೆ ಗೊತ್ತಿತ್ತಾ?”

ಚಾಕು ನಿಂತಿತು. “ಗೊತ್ತಿತ್ತು.”

“ನನಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀನು ಮದುವೆ ಆಗ್ತಿದ್ಯಾ?”

“ಇಲ್ಲ!”

“ಅದಕ್ಕೇ.”

“ಆಮೇಲಾದ್ರೂ ಹೇಳಬಹುದಿತ್ತು. ಹದಿನಾಲ್ಕು ವರ್ಷ!”

“ಹೇಳಿದ್ದಿದ್ರೆ ಅಮ್ಮನ್ನ ನೀನು ಹೀಗೆ ನೋಡ್ಕೊಳ್ತಿದ್ಯಾ? ಎತ್ತಿ ಒಲೆ ಹತ್ರ ಕೂರಿಸ್ತಿದ್ಯಾ? ಅವಳ ಮುಖ ಕಂಡ್ರೆ ಉರೀತಿದ್ದೆ.”

“ಸಾಯೋವಾಗ ನಮ್ಮ ಕೈ ಸೇರಿಸಿದ್ಲು. ಆಗಲೂ ‘ಆಯ್ತಮ್ಮ’ ಅಂದೆ!”

“ಸಾಯೋಳಿಗೆ ಏನು ಹೇಳ್ಲಿ? ನೀನು ಸಾಯೋದೂ ದಂಡ ಅಂತಲಾ?”

“ನನ್ನ ಹದಿನಾಲ್ಕು ವರ್ಷ, ಆಫ್ರಾ” ಎಂದು ಮತ್ತೆ ಮತ್ತೆ ಅಂದ. ಅವಳು ಕೈ ಒರೆಸಿಕೊಂಡು ಅವನನ್ನೇ ನೋಡಿದಳು. ಸಿಟ್ಟಿತ್ತೋ ದುಃಖವಿತ್ತೋ, ನಾನು ಇದ್ದ ಕಡೆಯಿಂದ ತಿಳಿಯಲಿಲ್ಲ.

“ನನಗೂ ಅಷ್ಟೇ ವರ್ಷ ಆಯ್ತು, ಮೇಸ್ತ್ರಿ. ನಿನಗೆ ಆಸೆಯಾದ್ರೂ ಇತ್ತು.”

ನಾನು ಅಲ್ಲಿಂದ ಮನೆಗೆ ಬಂದುಬಿಟ್ಟೆ.

ಒಂದೇ ಸೂರಿನಡಿ ಇಬ್ಬರೂ ಇರಕೂಡದೆಂದು ಪಾದ್ರಿ ಹೇಳಿ ಕಳಿಸಿದರು. ಹೇಳುವ ಅಗತ್ಯವಿರಲಿಲ್ಲ. ಆಫ್ರಾ ಅದೇ ವಾರ ಗಂಟು ಕಟ್ಟಿದಳು. ನದಿ ಹರಿವ ದಿಕ್ಕಿಗೆ ಎರಡು ದಿನದ ಹಾದಿಯಲ್ಲಿ ಕನ್ಯಾಸ್ತ್ರೀಯರ ಆಸ್ಪತ್ರೆಯೊಂದಿತ್ತು. ಅಲ್ಲಿ ಬಟ್ಟೆ ಒಗೆದು, ರೋಗಿಗಳನ್ನು ಎತ್ತಿ ಇಳಿಸುವ ಸೇವಕಿಯಾಗಿ ಸೇರಿದಳು. ತೆಪ್ಪ ಹತ್ತುವಾಗ ಅವನು ದಡಕ್ಕೆ ಹೋಗಲಿಲ್ಲ. ಕಾರ್ಖಾನೆಯಲ್ಲಿ ಕೊಡತಿಯ ಸದ್ದು ದಿನವಿಡೀ ಕೇಳುತ್ತಿತ್ತು. ಸಂಜೆ ಹೋಗಿ ನೋಡಿದರೆ ಅವನು ಒಂದು ಒಳ್ಳೆಯ ದಿಮ್ಮಿಯನ್ನು ಏನೂ ಮಾಡದೆ ಬರೀ ಚಕ್ಕೆ ಎಬ್ಬಿಸಿ ಮುಗಿಸಿದ್ದ.

ಮೂರು ವರ್ಷದ ಮೇಲೆ ಅದೇ ಆಸ್ಪತ್ರೆಯ ಪ್ರಾರ್ಥನಾಲಯಕ್ಕೆ ಒಂದು ಸಣ್ಣ ಪೀಠ ಬೇಕೆಂದು ಕೇಳಿಕೊಂಡು ಬಂದರು. ಅವನು ಒಪ್ಪಿದ. ನಾವಿಬ್ಬರೂ ಹೋಗಿ ಅದನ್ನು ನಿಲ್ಲಿಸುತ್ತಿದ್ದಾಗ ಆಫ್ರಾ ನೆಲ ಒರೆಸುವ ಬಕೆಟ್ಟು ಹಿಡಿದು ಬಂದಳು. ತೆಳ್ಳಗಾಗಿದ್ದಳು. ಕೈಗಳು ಸೀಳಿ ರಕ್ತ ಕಟ್ಟಿತ್ತು.

“ಕೈಗೆ ಏನಾಯ್ತು?” ಅವನು ಕೇಳಿದ.

“ಬೂದಿನೀರು. ದಿನಾ ನೂರು ಹೊದಿಕೆ ಒಗೀಬೇಕಲ್ಲ.”

“ಕರಡಿ ಕೊಬ್ಬು ಹಚ್ಚು.”

“ಕರಡೀನ ಎಲ್ಲಿಂದ ತರ್ಲಿ? ಬೆಟ್ಟದೋನು ನೀನು, ಕಿವಿ ಹಿಡಿದು ಎಳ್ಕೊಂಡು ಬಾ.”

ಮೂವರೂ ನಕ್ಕೆವು. ಅವಳು ದೇವದೂತನೊಬ್ಬನ ಅಂಗಾಲಿಗೆ ಬೆರಳು ತಾಗಿಸಿ, “ಸುಣ್ಣ ತೆಳುವಾಯ್ತು. ಯಾರು ಬಳಿದದ್ದು?” ಅಂದಳು. ತಾನೇ ಬಳಿದೆನೆಂದು ಅವನು ಹೇಳಿದ. “ಹಾಗಿದ್ರೆ ಸರಿ” ಎಂದು ಬಕೆಟ್ಟು ಎತ್ತಿಕೊಂಡಳು. ಆ ಚಳಿಗಾಲದಲ್ಲಿ ಅವನು ಒಂದು ಮಡಕೆ ಕೊಬ್ಬನ್ನು ಗಾಡಿಯವನ ಕೈಯಲ್ಲಿ ಕಳಿಸಿದ. ಅದು ಅವಳನ್ನು ಮುಟ್ಟಿತೋ ಇಲ್ಲವೋ ತಿಳಿಯಲೇ ಇಲ್ಲ, ಅಷ್ಟರಲ್ಲಿ ಯುದ್ಧ ಬಂತು.

ಸೈನಿಕರು ಎರಡು ಸಲ ನಮ್ಮ ದಾರಿಯಲ್ಲಿ ಹೋದರು, ಮೂರು ಸಲ ಬಂದರು. ಕುದುರೆಗಳನ್ನು ಒಯ್ದರು, ಬಿತ್ತನೆ ಗೋಧಿ ಒಯ್ದರು, ಜ್ವರ ಬಿಟ್ಟು ಹೋದರು. ಮೈಯೆಲ್ಲ ಕೆಂಪು ಚುಕ್ಕೆ ಏಳುವ ಜ್ವರ. ಆಸ್ಪತ್ರೆಯಲ್ಲಿ ಒಬ್ಬರ ಮೇಲೊಬ್ಬರು ಮಲಗಿದ್ದರಂತೆ. ಆಫ್ರಾ ಸತ್ತು ಐದು ವಾರವಾದ ಮೇಲೆ ಸುದ್ದಿ ಬಂತು. ಹೇಳಿದ ಗಾಡಿಯವನಿಗೆ ಹೆಸರೂ ನೆನಪಿರಲಿಲ್ಲ. “ನಿಮ್ಮೂರಿನ ಶಿಲ್ಪಿ ಮಗಳಂತೆ” ಅಂದ. ಅವಳನ್ನು ಸತ್ತ ಸೈನಿಕರ ಜೊತೆ ಒಂದೇ ಗುಂಡಿಗೆ ಹಾಕಿ ಸುಣ್ಣ ಸುರಿದಿದ್ದರು.

ಕ್ವಿರಿನ್ ಕೆಲಸ ಬಿಡಲಿಲ್ಲ. ಆದರೆ ಕೈಯಿಂದ ಬರುವುದು ಬೇರೆಯಾಯಿತು. ಒಂದು ಹಳ್ಳಿಗೆ ಶಿಲುಬೆಯ ಕ್ರಿಸ್ತನನ್ನು ಮಾಡಿ ಕೊಟ್ಟ. ಬಾಯಿ ತೆರೆದಿತ್ತು, ಹಲ್ಲು ಒಣಗಿತ್ತು, ನಾಲಿಗೆ ಊದಿ ಮುಂದೆ ಬಂದಿತ್ತು. ತಿಂಗಳಾಗುವಷ್ಟರಲ್ಲಿ ಆ ಹಳ್ಳಿಯ ಪಾದ್ರಿ ಅದನ್ನು ಹೊದಿಕೆಯಲ್ಲಿ ಸುತ್ತಿ ವಾಪಸು ತಂದ. “ಇದರ ಮುಂದೆ ಮೊಣಕಾಲೂರೋಕೆ ಹೆಂಗಸರು ಹೆದರ್ತಾರೆ ಮೇಸ್ತ್ರಿ. ಸ್ವಲ್ಪ ಬಾಯಿ ಮುಚ್ಚಿಸಿಕೊಡಿ” ಅಂದ.

“ಮುಚ್ಚೋಕೆ ಬರಲ್ಲ” ಎಂದ ಕ್ವಿರಿನ್.

ಆ ಕ್ರಿಸ್ತ ಎರಡು ವರ್ಷ ನನ್ನ ಕಾರ್ಖಾನೆಯ ಗೋಡೆಗೆ ಒರಗಿದ್ದ. ಆಮೇಲೆ ಸ್ಮಶಾನದಲ್ಲಿ ಹಳೆಯ ಎಲುಬುಗಳನ್ನು ಕೂಡಿಡುವ ಕೋಣೆಗೆ ಕೊಟ್ಟೆವು. ಅಲ್ಲಿ ಯಾರೂ ಆಕ್ಷೇಪಿಸಲಿಲ್ಲ.

ಕೆಲಸ ಕೇಳಿಕೊಂಡು ಬರುವವರು ನಿಂತರು. ಕಣ್ಣು ಮಂಜಾಗಿ ಸಣ್ಣ ಉಳಿ ಹಿಡಿಯಲಾಗದಾಗ ಅವನು ಹಕ್ಕನ್ನು ಸಭೆಗೆ ಬಿಟ್ಟುಕೊಟ್ಟ. ಅವನ ಹಿಂದೆ ಅದನ್ನು ಪಡೆಯಲು ಹೆಂಡತಿಯಾಗಲಿ ಮಗಳಾಗಲಿ ಇರಲಿಲ್ಲವಲ್ಲ. ಹೊಸ ಶಿಲ್ಪಿ ಮನೆಗೆ ಬಂದ ದಿನ ನಾನು ಕ್ವಿರಿನ್‌ನನ್ನು ನಮ್ಮ ಹಿಂದಿನ ಕೋಣೆಗೆ ಕರೆತಂದೆ. ಎಲ್ಲರೂ ಆಫ್ರಾಳಿಗಾಗಿ ಅವನು ಕೊರಗುತ್ತಿದ್ದಾನೆಂದು ತಿಳಿದಿದ್ದರು, ನಾನೂ ಸಹ. ಒಂದು ಬೆಳಿಗ್ಗೆ ರೊಟ್ಟಿಯನ್ನು ಹಾಲಿಗೆ ಅದ್ದುತ್ತ ಕೂತಿದ್ದವನು ಇದ್ದಕ್ಕಿದ್ದಂತೆ ಹೇಳಿದ:

“ಬ್ಲಾಸಿ, ಕ್ರೆಸೆನ್ಸ್ ಒಳ್ಳೆಯವಳಿದ್ಲು.”

“ಹೌದು, ಒಳ್ಳೆಯವಳು.”

“ಅವಳನ್ನ ಎತ್ಕೊಂಡು ಬಂದು ಒಲೆ ಹತ್ರ ಕೂರಿಸ್ತಿದ್ನಲ್ಲ, ಆಗ ದಿನಾ ಎಷ್ಟು ಭಾರ ಇದಾಳೆ ಅಂತ ನೋಡ್ತಿದ್ದೆ. ನಿನ್ನೆಗಿಂತ ಭಾರ ಇದ್ರೆ ನೀರು ಏರಿದೆ, ಇನ್ನು ಹೆಚ್ಚು ದಿನ ಇಲ್ಲ ಅಂತ. ಹದಿನಾಲ್ಕು ವರ್ಷ ಒಂದೇ ಹಾಸಿಗೇಲಿ ಮಲಗಿ ಅವಳು ಸಾಯೋದನ್ನೇ ಕಾದೆ. ಊರು ನನ್ನ ಹೊಗಳ್ತಿತ್ತು. ಅವಳೂ ಹೊಗಳ್ತಿದ್ಲು. ಪಾದ್ರಿಗೆ ಹೇಳಿದೀನಿ, ಕ್ಷಮೆ ಆಯ್ತು ಅಂದ್ರು. ಆದ್ರೆ ಅವಳಿಗೆ ಹೇಳಬೇಕಿತ್ತಲ್ಲ?”

ಹಾಲು ಆರುತ್ತಿದೆ, ಕುಡಿ ಎಂದೆ.

ಸಾವಿರದ ಏಳುನೂರ ಐವತ್ತೈದರಲ್ಲಿ, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಅವನು ಸತ್ತ, ಅರವತ್ತನೆಯ ವಯಸ್ಸಿಗೆ. ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು, ಗುಂಡಿ ತೋಡಲು ಎರಡು ದಿನ ಹಿಡಿಯಿತು. ಗಂಡನಾದ್ದರಿಂದ ಕ್ರೆಸೆನ್ಸಳ ಗುಂಡಿಯಲ್ಲೇ ಅವನಿಗೆ ಜಾಗ. ಮೊದಲೇ ಅಲ್ಲಿದ್ದ ಮಾಗ್ನುಸ್ ಮೇಸ್ತ್ರಿಯ ಎಲುಬುಗಳು ಅಡ್ಡ ಬಂದವು. ಅಗೆಯುವವನು ಅವನ್ನು ಹಾರೆಯಿಂದ ಒಂದು ಬದಿಗೆ ಸರಿಸಿದ. ಪೆಟ್ಟಿಗೆ ಇಳಿಸಿದಾಗ ನಾವು ಆರು ಜನ ಇದ್ದೆವು. ಚಳಿ ತಡೆಯದೆ ಪಾದ್ರಿ ಮಂತ್ರವನ್ನು ಬೇಗ ಮುಗಿಸಿದರು. ನಾನು ಮನೆಗೆ ಬಂದು ಹಿಂದಿನ ಕೋಣೆಯಲ್ಲಿ ಅವನು ಮಲಗುತ್ತಿದ್ದ ಹಾಸಿಗೆಯ ಹುಲ್ಲನ್ನು ಹೊರಗೆ ತಂದು ಸುಟ್ಟೆ.